ಹಲ್ಲಿನ ಡಾಕ್ಟರ ಜವುಗು

ಹಳೆಯದಕ್ಕೆ ತಂತಿಯಿಲ್ಲ, ಹೊಸದಕ್ಕೆ ಹಳೆಯದರ ಗುರುತಿಲ್ಲ.
ಸೊದಾನ್‌ಕ್ಯುಲದ ಅಂಗಡಿಯ ಹುಡುಗ ಎರಡನ್ನೂ ತಿರುವಿ ನೋಡಿ
"ಕೈಯಲ್ಲೇ ಇಳಿಸಿಕೊಳ್ಳಿ" ಅಂದನಂತೆ.
ಹಾಗಾಗಿ ಈ ಭಾನುವಾರ ಅಡುಗೆಮನೆಯ ಮೇಜಿನ ಮೇಲೆ
ಅಂಗೈಯಗಲದ ಎರಡು ಜಿಪಿಎಸ್ಸು, ಒಂದು ಭೂತಗನ್ನಡಿ, ಕಾಫಿ.
ಸೈಮಿ ಅತ್ತೆ ಓದಬೇಕು,
ನಾನು ಒತ್ತಬೇಕು.

ಹತ್ತೊಂಬತ್ತು ವರ್ಷ ಈ ಮನೆಯ ಸೊಸೆ.
ಅತ್ತೆಯ ಪಾಸ್‌ಬುಕ್ಕು ನೋಡಿದ್ದೇನೆ,
ಆಪರೇಷನ್ನಿನ ಗಾಯ ತೊಳೆದಿದ್ದೇನೆ,
ಮಾವ ಇನ್ನೊಬ್ಬಳಿಗೆ ಬರೆದ ಕಾಗದ ಯಾವ ಡಬ್ಬಿಯಲ್ಲಿದೆ, ಗೊತ್ತು.
ಹಿಲ್ಲಾ ಹಣ್ಣು ಎಲ್ಲಿ ಬಿಡುತ್ತದೆ,
ಅದೊಂದು ಗೊತ್ತಿಲ್ಲ.

ಜುಲೈ ಕೊನೆಗೆ ಎರಡು ಬಕೆಟ್ಟು, ಸೊಳ್ಳೆಬಲೆಯ ಟೋಪಿ,
"ಹೀಗೇ ಒಂಚೂರು ಹೋಗಿ ಬರ್ತೀನಿ."
ಪಕ್ಕದ ಮನೆಯ ತೌನೊ ಬೆನ್ನು ಹತ್ತಿದರೆ
ನಡುದಾರಿಯಲ್ಲಿ ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ,
ಅವನು ದಾಟಿಹೋಗುವ ತನಕ
ಏನೂ ಆಗದ ಎಂಜಿನ್ನಿಗೆ ಬೈಯುತ್ತಾ ನಿಲ್ಲುತ್ತಾರೆ.
ಸಂಜೆ ಬಕೆಟ್ಟಿನ ತುಂಬ ಕೆಂಡದ ಬಣ್ಣ.

"ಮೊದಲನೇದು," ಅಂದರು. "ಹಲ್ಲು."
ಹಲ್ಲಾ?
"ಹಲ್ಲಿನ ಡಾಕ್ಟರು. ಆರಕ್ಷರ ಮೀರಿದರೆ ಈ ಮುದಿಯಂತ್ರ ನುಂಗೋದಿಲ್ಲ.
ಒತ್ತು, ಅರವತ್ತೇಳು ಡಿಗ್ರಿ..."

ಎರಡನೆಯದು ತೆರಿಗೆ. ಮೂರನೆಯದು ಪಾದ್ರಿ.
ಕೂದಲು, ಕನ್ನಡಕ, ಬ್ಯಾಂಕು, ಪಿಂಚಣಿ.
"ಕದ್ದವನು ತೆರೆದು ನೋಡಿದರೆ
ಅಯ್ಯೋ ಪಾಪ, ಮುದುಕಿಯ ಜೀವಮಾನವೆಲ್ಲ
ಸರತಿಸಾಲಲ್ಲೇ ಕಳೀತಲ್ಲ ಅಂದ್ಕೋಬೇಕು."

ಕೊನೆಯ ಮೂರು ಅಂಕಿ ಬಂದಾಗಲೆಲ್ಲ ದನಿ ತಗ್ಗುತ್ತದೆ,
ಮನೆಯಲ್ಲಿ ನಾವಿಬ್ಬರೇ ಇದ್ದರೂ.
ಬ್ಯಾಂಕಿನ ಸರದಿ ಬಂದಾಗ ನನ್ನನ್ನು ಸೌದೆಗೆ ಕಳಿಸಿದರು.
ಒಲೆಯ ಪಕ್ಕ ಸೌದೆ ಸೊಂಟದೆತ್ತರ ಇತ್ತು.
ಹೋದೆ. ಇನ್ನೊಂದು ಹೊರೆ ತಂದು ಸುರಿದೆ.

ಮೂವತ್ತೊಂದೂ ಮುಗಿದ ಮೇಲೆ ನಕ್ಷೆ ತೆರೆದೆ.
ಹಲ್ಲಿನ ಡಾಕ್ಟರು ಜಲಾಶಯಕ್ಕೆ ಬಿದ್ದಿದ್ದರು,
ಪಾದ್ರಿ ಹೆದ್ದಾರಿಯ ನಟ್ಟನಡುವೆ,
ತೆರಿಗೆ ಕಚೇರಿ ತೌನೊನ ಸೌನಾದ ಒಳಗೆ.
ಅತ್ತೆ ಮೊದಲ ಸಲ ನನ್ನ ತೋಳು ಹಿಡಿದರು.

ಭೂಮಿ ಎಷ್ಟು ದುಂಡಗಿದೆ ಅನ್ನುವುದರಲ್ಲಿ
ಎರಡು ಯಂತ್ರಕ್ಕೂ ಒಮ್ಮತವಿಲ್ಲ, ಅಷ್ಟೇ.
ಸೆಟ್ಟಿಂಗ್ಸಿನ ಐದನೇ ಪುಟದಲ್ಲಿ ಹಳೇ ಅಳತೆಯ ಹೆಸರು ಹುಡುಕಿ,
ಅಂಕಿಗಳನ್ನೆಲ್ಲ ಆ ಲೆಕ್ಕದಲ್ಲಿ ಓದಿಕೋ ಅಂದೆ.
ಎಲ್ಲವೂ ನೂರೈವತ್ತು ಹೆಜ್ಜೆ ಪಕ್ಕಕ್ಕೆ ಸರಿದವು,
ಡಾಕ್ಟರು ಮೈ ಕೊಡವಿಕೊಂಡು ದಡ ಹತ್ತಿದರು.

ಒಂದು ಮಾತ್ರ ಹತ್ತಲಿಲ್ಲ.
ದಡದಿಂದ ಎರಡು ಕಿಲೋಮೀಟರು ಒಳಗೆ, ಬರೀ ನೀಲಿಯಲ್ಲಿ:
ಕುಯಿಕ್ಕಾ.
"ಇದು ತಪ್ಪಿದೆ, ಇನ್ನೊಂದು ಸಲ ಓದಿ."
ಓದಲಿಲ್ಲ. ಭೂತಗನ್ನಡಿಯನ್ನು ಬೋರಲು ಹಾಕಿದರು.
"ಸರಿಯಾಗೇ ಇದೆ."

ಅಣೆಕಟ್ಟಿಗೆ ಮುಂಚೆ ಅದು ಅವರಮ್ಮನ ಜವುಗು.
ಹಿಲ್ಲಾ ಕಾಯಿದ್ದಾಗ ಕೆಂಪು, ಮಾಗಿದರೆ ಕೆಂಡ.
ನೀರು ಬಂದಾಗ ಕೆಂಪಗಿತ್ತಂತೆ.
ಆಮೇಲೆ ಒಂದೆರಡು ಬೇಸಿಗೆ
ಜವುಗೇ ಹರಿದು ತುಂಡುತುಂಡಾಗಿ ಮೇಲೆದ್ದು ತೇಲುತ್ತಿತ್ತಂತೆ,
ಒಂದರ ಮೇಲೆ ನಾಲ್ಕು ಬಿಳಿ ಹೂವು.
ದೋಣಿಯಲ್ಲಿ ಅಟ್ಟಿಸಿಕೊಂಡು ಹೋದರೆ
ಗಾಳಿ ಅತ್ತ ತಿರುಗಿತಂತೆ.

"ಇದು ಕೊಂಡ ವರ್ಷ ಅಲ್ಲಿಗೇ ಹೋಗಿ ಮೋಟಾರು ಆರಿಸಿದೆ.
ಗುಂಡಿ ಒತ್ತಿದೆ.
ಅದಕ್ಯಾಕೆ ಸುಳ್ಳು ಹೆಸರು? ಯಾರು ಕದೀತಾರೆ?"

ಹೊಸದರಲ್ಲಿ ಮೂವತ್ತು ಅಕ್ಷರ ಹಿಡಿಸುತ್ತದೆ ಅಂದೆ,
ಬೇಕಾದರೆ ಅವರಮ್ಮನ ಹೆಸರೂ ಸೇರಿಸಬಹುದು.
ಕಾಫಿಯ ತಳ ನೋಡುತ್ತ ಯೋಚಿಸಿದರು.
"ಬೇಡ. ಅಲ್ಲಿಗೆ ಹೋಗೋಳು ನಾನೊಬ್ಬಳೇ,
ನಂಗೆ ಗೊತ್ತಲ್ಲ."

ಲೋಟ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದರು:
"ನಕ್ಷೆ ತೆರೆದಾಗ ಬ್ಯಾಂಕು ಎಲ್ಲಿತ್ತು, ನೋಡಿದ್ಯಾ?"

ಇಲ್ಲ, ಅಂದೆ.
ಉತ್ತರಕ್ಕೆ, ಮುರುಕು ಹಾಲಿನ ಕಟ್ಟೆ ದಾಟಿ, ಎಡಗಡೆ.