ಎರಡು ಸಾವಿರ ಮೀಟರ್, ಮುಳುಗಡೆ ಮ್ಯಾಲ

ಸೀಟು ನಾನ ಬೆಸೆದು ಕೊಟ್ಟಿದ್ದು.
ಅಲ್ಯುಮಿನಿಯಂ ಪೈಪು, ಬೆನ್ನಿಗೊಂದು ಹಲಗಿ,
ಎದಿಗೆ ಒಂದು ಪಟ್ಟಿ, ಮೊಣಕಾಲಿಗೊಂದು.
ಪಟ್ಟಿ ಒಂದ ಎಳತಕ್ಕ ಬಿಚ್ಚಬೇಕು, ಅದು ಕಾಯ್ದೆ:
ದೋಣಿ ಮಗಚಿದರ
ಕಟ್ಟಿದ್ದು ಮನುಷ್ಯಾನ್ನ ಹಿಡಕೊಂಡು ಕೂಡಬಾರದು.
ಇಪ್ಪತ್ತು ಸಲ ಎಳದು ನೋಡಿದೆ ಅಂಗಡ್ಯಾಗ.
ರಾಜೇಸಾಬ ನಕ್ಕ: "ಸಾಕೋ ಮೌನ್ಯಾ,
ನನ್ನ ಬಿಚ್ಚೂದರಾಗ ನಿನಗ ಭಾಳ ಖುಷಿ."

ನವನಗರ. ಸೆಕ್ಟರ್ ನಂಬರು ಹಚ್ಚಿದ ಊರು.
ಹೊಸಾ ಮನಿ ಬಾಗಿಲಕ್ಕ ಹಳೇ ಮನಿ ಚೌಕಟ್ಟು.
ನದಾಫರ ಮನೀದು ಮಾತ್ರ ಕಬ್ಬಿಣದ್ದು;
ಕಟ್ಟಿಗೀದು ಬಿಚ್ಚಾಕ ಹೋದಾಗ
ತೊಲಿ ಜಾರಿತು, ಅದರ ಜೋಡಿ ಅಂವ.
ಹತ್ತೊಂಬತ್ತು ವರ್ಷ ಆಗ ಅವಂಗ.
ತೊಲಿಗೆ ಪರಿಹಾರ ಇತ್ತು ಯಾದಿಯೊಳಗ,
ಇಷ್ಟು ಅಡಿಗೆ ಇಷ್ಟು ಅಂತ.
ಸೊಂಟಕ್ಕ ಕಾಲಂ ಇರಲಿಲ್ಲ.

ಆಲಮಟ್ಟಿ ಗೇಟು ಹಾಕಿದರ
ಘಟಪ್ರಭಾ ಹಿಂದಕ್ಕ ಹೊಳ್ಳಿ ಬರತೈತಿ,
ಶ್ರಾವಣದಾಗ ನಮ್ಮ ಓಣಿ ಮ್ಯಾಲ ಮೂರಾಳು ನೀರು.
ಬೆಳಗಿನ ಐದೂವರಿಗೆ ಎತ್ತಿ ಕೂರಸ್ತೀನಿ,
ಒಂದು ಚೀಲ ಸಿಮೆಂಟಿಗಿಂತ ಒಂದೀಟು ಹೆಚ್ಚು,
ಕಾಲು ಮಾತ್ರ ಬ್ಯಾರೆ ಯಾರವೋ ಅನ್ನೂ ಹಂಗ ಹಗುರ.
ಎರಡೂ ಕಡೆ ತೇಲು ಡಬ್ಬಿ. ಎರಡು ಹುಟ್ಟು. ಒಬ್ಬನ ಅಂವ.
ಅಂಬಿಗರ ಫಕೀರಪ್ಪ ದಿನಾ ಬಂದು ನಿಂದರತಾನ:
"ಬೆನ್ನು ಮಾಡಿ ಹೊಂಟಾನಲ್ಲೋ,
ಇದ್ಯಾವ ಸೀಮಿ ದೋಣಿ?"
ದಂಡ್ಯಾಗ ನಾನು, ಬೈಕು, ಖಾಲಿ ವ್ಹೀಲ್‌ಚೇರು
ಸಣ್ಣಾಗಕೋತ ಹೋಗ್ತೀವಿ ಅವನ ಕಣ್ಣಾಗ.

ಮೀಟರ್ ಗುರುತು ನಾವ ಮಾಡಿಕೊಂಡದ್ದು.
ಲೈಟಿನ ಕಂಬದ ತುದಿ, ಅಲ್ಲಿಂದ ಶುರು.
ಐನೂರಕ್ಕ ಹಿಟ್ಟಿನ ಗಿರಣಿ, ಕಾಣಂಗಿಲ್ಲ, ಕೆಳಗೈತಿ.
ಸಾವಿರಕ್ಕ ಬಣಗಾರರ ಮಾಳಗಿ;
ಅಲ್ಲಿ ನೀರು ತಣ್ಣಗ ಅಂತಾನ, ನಾ ನಂಬಿಲ್ಲ.
ಸಾವಿರದೈನೂರಕ್ಕ ಅವರ ಮನಿ.
ದಾಟಿದ ಮ್ಯಾಲಷ್ಟ ಅವನ ಕಣ್ಣಿಗೆ ಬೀಳೂದು ಆ ಜಾಗ.
ಅಲ್ಲಿಂದ ಎಳತ ಜೋರಾಗತಾವ,
ನಿಮಿಷಕ್ಕ ಮೂವತ್ತೆರಡು, ಮೂವತ್ನಾಕು.
ಸಿಟ್ಟೋ, ಅಂಜಿಕಿಯೋ,
ಸ್ಟಾಪ್‌ವಾಚ್ ಹಿಡದಾಂವ ಕೇಳೂ ಮಾತಲ್ಲ ಅದು.

ಬ್ಯಾಸಗ್ಯಾಗ ನೀರು ಇಳದು ಗೋಡಿ ಮಾರಿ ತಗೀತಾವ.
ಹೋದ ಮೇ ತಿಂಗಳ ದೋಣಿ ತಳಕ್ಕ ಗೀರು ಬಿತ್ತು.
ಅವರವ್ವನ ಒಳಕಲ್ಲು ಅಂದ, ಆಣಿ ಮಾಡಿ.
ಮುಚ್ಚಾಕ ರೆಸಿನ್ ತಂದೆ. ಬ್ಯಾಡ ಅಂದ.
ಎರಡು ದಿನ ಬಿಟ್ಟು ಅವನ ಫೋನು ಮಾಡಿದ:
"ಮುಚ್ಚಿಬಿಡು. ಗೀರಿಗೆ ನೀರು ಹಿಡಿತೈತಿ, ವೇಗ ಹೋಗತೈತಿ."

ಕಡೀಕ ಹೋದ. ಯುರೋಪಿನ್ಯಾಗಿನ ಒಂದು ಕೆರಿ,
ಹೆಸರು ನನ್ನ ಬಾಯಾಗ ಹೊಳ್ಳವಲ್ದು.
ಪಿಆರ್-ಒನ್, ಗಂಡಸರ ಸಿಂಗಲ್ ಸ್ಕಲ್ಸ್,
ಬಿ ಫೈನಲ್, ಐದನೇ ಸಾಲು.
ಮೊಬೈಲು ಗ್ಯಾಸ್ ಸಿಲಿಂಡರಿಗೆ ಆನಿಸಿ
ಅಂಗಡ್ಯಾಗ ಹದಿನಾಕು ಮಂದಿ.
ಐನೂರಕ್ಕ ಆರನೇವ. ಸಾವಿರಕ್ಕೂ ಆರನೇವ.
ಸಾವಿರದೈನೂರಕ್ಕ ಚಿತ್ರ ನಿಂತಿತು,
ನಡುವ ಒಂದು ಉಂಗುರ ತಿರುಗಾಕ ಹತ್ತಿತು.
"ಎಳಿಯೋ ಮಗನ" ಅಂದ ಫಕೀರಪ್ಪ
ಆ ಉಂಗುರಕ್ಕ.
ಚಿತ್ರ ಬರೂದರಾಗ ಎಲ್ಲಾ ಮುಗದಿತ್ತು.
ನಾಕನೇವ. ಒಟ್ಟು ಹಿಡದರ ಹತ್ತನೇವ.
ಮಿರ್ಚಿ ತರಿಸಿದಿವಿ.

ರಾತ್ರಿ ಮಾತಾಡಿದ.
"ಇಲ್ಲಿ ನೀರಿನ ಕೆಳಗ ಏನೂ ಇಲ್ಲೋ ಮೌನ್ಯಾ.
ಸಾಲಾಗಿ ಹಳದಿ ಚೆಂಡು ತೇಲಿಬಿಟ್ಟಾರ,
ಒಂದರ ಹಂಗ ಇನ್ನೊಂದು.
ಎಲ್ಲದೀನಿ ಅಂತ ತಿಳೀವಲ್ದಾಗಿತ್ತು.
ಕಡೀಗೆ ಗಿರಣಿ ನೆನಸಿಕೊಂಡೆ, ಮಾಳಗಿ ನೆನಸಿಕೊಂಡೆ,
ಮನಿ ಬಂತು ಅಂತ ತಿಳಕೊಂಡು ಎಳದೆ."
ಆಮ್ಯಾಲ ಭಾಳ ಹೊತ್ತು ಬರೀ ಗಾಳಿ ಸಪ್ಪಳ.
"ಎದಿ ಪಟ್ಟಿ ಕೊರೀತೈತಿ, ಎಡಕ್ಕ.
ಬಂದಿಂದ ನೋಡು."

ಹೊಸಾ ಪಟ್ಟಿ ಕತ್ತರಿಸಿ ಇಟ್ಟೀನಿ,
ಅಂಚು ಮಡಚಿ, ಎರಡೆಳಿ ಹೊಲಿಗಿ.
ಎಡಕ್ಕ ಅಂದಾನ.
ದೋಣ್ಯಾಗ ಕುಂತ ಅವನ ಎಡವೋ,
ಎದುರು ಬಗ್ಗಿ ಪಟ್ಟಿ ಬಿಗಿಯೂ ನನ್ನ ಎಡವೋ,
ಕೇಳಾಕ ಮರತೆ.