ಉದ್ದ ಈಬತ್ತಿ

ಬೂದಿ ಬುಧವಾರ. ನಸುಕಿನ ಬಲಿಪೂಜೆ ಮುಗಿಸಿ
ಹಣೆ ಒರೆಸದೆ ಸೀದಾ ಮಂಡಿಗೆ ಬಂದೆ.
ತೋರಿಕೆಯ ಉಪವಾಸ ಬೇಡವೆಂದು ಬೋಧಿಸಿದ ಫಾದರ್ರೇ
ಹೆಬ್ಬೆರಳು ಅದ್ದಿ, ಊರಿಗೆಲ್ಲ ಕಾಣುವ ಹಾಗೆ
ಎಳೆದು ಕಳಿಸಿದ್ದರು.

ದಾವಣಗೆರೆಯಲ್ಲಿ ಬೂದಿಗೇನು ಬರ?
ದಲಾಲಿ ಚನ್ನವೀರಪ್ಪನ ಹಣೆಯಲ್ಲಿ ಮೂರೆಳೆ,
ಹಮಾಲರ ರಟ್ಟೆಯಲ್ಲೂ ಮೂರೆಳೆ.
ಆನಗೋಡಿನ ಅಜ್ಜಿಯೊಂದು ಮೆಕ್ಕೆಜೋಳದ ಚೀಲಕ್ಕೆ ಒರಗಿ
ನನ್ನನ್ನೇ ನೋಡಿತು:
“ಇದೇನಪ್ಪಾ, ಈಬತ್ತಿ ಉದ್ದಕ್ಕೂ ಎಳದೀಯಲ್ಲ?”
“ನಮ್ದು ಹಂಗೇ, ಅಜ್ಜಿ. ಚರ್ಚಿಂದು.”
“ಯಾವ್ದಾರ ಆಗ್ಲಿ ಬಿಡು. ಬೂದಿ ಇಟ್ಕಂಡೀಯ,
ತೂಕ ಸರಿ ಹಿಡಿತೀಯ.”

ಹದಿನಾರು ವರ್ಷದ ರೂಢಿ:
ಚೀಲ ತಕ್ಕಡಿಗೆ ಬಿದ್ದಾಗ ಮೊಣಕಾಲು
ಕೆಳಗಿಂದ ಒಂಚೂರು ಕೊಟ್ಟರೆ
ಮುನ್ನೂರು ಗ್ರಾಂ ಸಾಹುಕಾರನಿಗೆ,
ಶನಿವಾರ ಇನ್ನೂರು ರೂಪಾಯಿ ನನಗೆ.
ಬೆಳಿಗ್ಗೆ ಪೀಠದೆದುರು ಊರಿದ್ದೂ ಅದೇ ಮೊಣಕಾಲು.
ಪ್ಯಾಂಟಿನ ಮೇಲೆ ಚರ್ಚಿನ ನೆಲದ ಧೂಳು
ಇನ್ನೂ ಇತ್ತು.

ಹಿಂದೆ ಸರಿದು ನಿಂತೆ.
ಐವತ್ತೆರಡು ಕೆಜಿ ನಾನೂರು.
ಚನ್ನವೀರಪ್ಪ ಕನ್ನಡಕ ಏರಿಸಿ ನನ್ನ ಹಣೆ ನೋಡಿದ,
ಏನೂ ಅನ್ನದೆ ಬರೆದುಕೊಂಡ.

ಮಧ್ಯಾಹ್ನ ಮಿರ್ಚಿ ಮಂಡಕ್ಕಿಯ ವಾಸನೆ. ಹಸಿವು.
ಬೆವರಿಗೋ ಜೋಳದ ಹೊಟ್ಟಿಗೋ
ಹಣೆಯ ಶಿಲುಬೆ ಯಾವಾಗ ಹೋಯಿತೋ.

ಗುರುವಾರ ಆರಕ್ಕೇ ಅಜ್ಜಿಯ ಊರವರು ನಾಲ್ಕು ಮಂದಿ
ಗೇಟಿನಲ್ಲಿ ವಿಚಾರಿಸುತ್ತಿದ್ದರಂತೆ:
“ಉದ್ದ ಈಬತ್ತಿಯೋನು ಎಲ್ಲಿ?”
ಬರಿಹಣೆ ಮುಟ್ಟಿಕೊಂಡೆ.
ಚೀಲ ಇಡಿ, ಎಂದೆ.