ಗುಂಡಿಗೆ ಮೆತ್ತಗೆ, ತಿರುವಿಗೆ ಗಟ್ಟಿ

ಏಳನೇ ಹೊಸಕೋಟೆ ದಾಟಿದ ಮೇಲೆ
ಮುಂದಿನ ಎಡಮೂಲೆಯಿಂದ ಟಕ್ ಅಂತ ಒಂದು ಸದ್ದು.
ಮೊದಲು ಕೇಕಿನ ತಟ್ಟೆ ಅಂದುಕೊಂಡೆ,
ಆಮೇಲೆ ನನ್ನ ಮೊಣಕಾಲು.
ಎರಡೂ ಅಲ್ಲ.

ಕುಶಾಲನಗರದ ಹಂಸಾಕ ಬಾನೆಟ್ಟಿನ ಮೂಲೆಯನ್ನು
ಅಂಗೈಯಲ್ಲಿ ಒತ್ತಿ ಬಿಟ್ಟರು.
ಕಾರು ಒಂದು ಸಲ ತೂಗಿತು, ಎರಡು, ಮೂರು, ನಾಲ್ಕು,
ಹೊರಡುತ್ತೇನೆ ಎನ್ನುತ್ತಲೇ ಬಾಗಿಲಲ್ಲಿ ನಿಂತು
ಮಾತು ಮುಂದುವರಿಸುವ ನೆಂಟರ ಹಾಗೆ.
"ಶಾಕ್ ನಾಲ್ಕೂ ಸತ್ತಿವೆ. ಸ್ಪ್ರಿಂಗು ಒಂದೇ ದುಡಿತಾ ಇದೆ."

ಸತ್ತದ್ದು ನನಗೆ ಹಿಂದಿನ ಭಾನುವಾರವೇ ಗೊತ್ತಿತ್ತು.
ಮಡಿಕೇರಿಯ ಮದುವೆಗೆ ಹೊರಟ ಮೂರಂತಸ್ತಿನ ಕೇಕು
ಬೋಯಿಕೇರಿ ತಿರುವಿನಲ್ಲಿ ಬಲಕ್ಕೆ ವಾಲಿದ್ದು
ಮತ್ತೆ ನೆಟ್ಟಗಾಗಲಿಲ್ಲ.
ಮಂಟಪದ ಹಿಂದೆ, ಪಾತ್ರೆ ತೊಳೆಯುವಲ್ಲಿ ಕೂತು
ಬೆಣ್ಣೆಚಾಕು ಹಿಡಿದು ಅರ್ಧ ಗಂಟೆ ಗಾರೆ ಕೆಲಸ ಮಾಡಿದೆ.
ಮದುಮಗಳು ಗಮನಿಸಲಿಲ್ಲ.
ಅವಳ ಅತ್ತೆ ಗಮನಿಸಿದರು.
ಕೈಗೆ ಬಂದ ದುಡ್ಡಿನಲ್ಲಿ ಐನೂರು ಕಡಿಮೆ.

ಅಣ್ಣನ ಮಗ ಬಿದ್ದಪ್ಪನಿಗೆ ಸುದ್ದಿ ಹೋಯಿತು.
ಗೋಣಿಕೊಪ್ಪದ ಗದ್ದೆಯಲ್ಲಿ ಕೆಸರು ಹಾರಿಸಿ
ಕಪ್ ಗೆದ್ದ ಹುಡುಗ.
"ಕಾಯಿಲೋವರ್ ಹಾಕಿಸಿ, ನಲವತ್ತು ಮಿಲಿಮೀಟರ್ ಇಳಿಸಿ,
ತಿರುವಿನಲ್ಲಿ ರೈಲಿನ ಹಾಗೆ ಹೋಗುತ್ತೆ."
ಕೊಡಗಿಗೆ ರೈಲೇ ಬಂದಿಲ್ಲವಲ್ಲೋ, ಅಂದೆ.
ಅವನ ಕಾರಿನಲ್ಲೊಂದು ಸುತ್ತು ಹೋಗಿ ಬಂದೆ.
ನಿಜ, ತಿರುವಿಗೆ ಅದು ಬಗ್ಗಲಿಲ್ಲ.
ಆದರೆ ಕೊಯ್ಲಿನ ಟ್ರ್ಯಾಕ್ಟರು ಚೆಲ್ಲಿ ಹೋದ
ಒಂದೊಂದು ಕಾಫಿಹಣ್ಣನ್ನೂ
ನನ್ನ ಬೆನ್ನುಮೂಳೆ ಎಣಿಸಿತು.

ಹೋಮ್‌ಸ್ಟೇಗೆ ಜೀಪು ಓಡಿಸುವ ಲ್ಯಾನ್ಸಿ ಹೇಳಿದ್ದು ಬೇರೆ:
ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಗುಂಡು ಸಿಕ್ಕಿಸು,
ಎರಡು ಸಾವಿರದಲ್ಲಿ ಕೆಲಸ ಮುಗೀತು.
ಅವನ ಪ್ರವಾಸಿಗರು ಎಗರಿ ಬಿದ್ದರೆ ನಗುತ್ತಾರೆ,
ಅದಕ್ಕೇ ದುಡ್ಡು ಕೊಟ್ಟಿರುತ್ತಾರೆ.
ನನ್ನ ಕ್ರೀಮು ನಗುವುದಿಲ್ಲ.

ಮೆತ್ತಗಾದರೆ ತಿರುವಿನಲ್ಲಿ ಜಾರುತ್ತದೆ,
ಗಟ್ಟಿಯಾದರೆ ಗುಂಡಿಯಲ್ಲಿ ಬಿರಿಯುತ್ತದೆ.
ಆನೆಕಾಡಿನಲ್ಲಂತೂ ಗುಂಡಿ ಇರುವುದೇ ತಿರುವಿನೊಳಗೆ.
ಇದನ್ನು ಹಂಸಾಕನಿಗೆ ಹೇಳಿದರೆ
ಅವರು ಬನ್ನನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲು
ಬಾಯಿಗೆ ಹಾಕಿಕೊಂಡು, ನಿಧಾನ ನುಂಗಿ,
"ಸ್ಪ್ರಿಂಗು ಹೊರುತ್ತೆ ಮೋಳೇ, ಶಾಕು ಮರೆಸುತ್ತೆ.
ಹೊರೋದನ್ನ ಕಂಪನಿಯದೇ ಇಡು.
ಮರೆಸೋದನ್ನ ಒಳ್ಳೇದು ಹಾಕು."

ಒಳ್ಳೇದು ಅಂದರೆ ಗ್ಯಾಸ್ ತುಂಬಿದ್ದು,
ನಾಲ್ಕಕ್ಕೆ ಹದಿನಾಲ್ಕು ಸಾವಿರದ ಎಂಟುನೂರು.
ನನ್ನ ಮೈದಾ ಡಬ್ಬಿಯ ಹಿಂದೆ ಇದ್ದದ್ದು ಒಂಬತ್ತು.
ಒಂಟಿಯಾಗಿ ಹಾಕುವಂತಿಲ್ಲ, ಜೋಡಿಯೇ ಆಗಬೇಕು.
ಸದ್ದು ಬರುವುದು ಮುಂದೆ, ನಾನು ಕೂರುವುದು ಮುಂದೆ,
ಕೇಕು ಇರುವುದು ಹಿಂದೆ.
ಹಂಸಾಕ ಸ್ಪ್ಯಾನರು ಹಿಡಿದು ಕಾಯುತ್ತಿದ್ದರು.
ಹಿಂದಕ್ಕೆ ಹಾಕಿ, ಅಂದೆ.
ಅವರು ಏನೂ ಹೇಳಲಿಲ್ಲ. ಮುಂದಿನ ಎರಡನ್ನೂ
ಪೆಟ್ಟಿಗೆಯಲ್ಲೇ ಇಟ್ಟು, ಮೇಲೆ ನನ್ನ ಊರಿನ ಹೆಸರು ಬರೆದರು:
ಸುಂಟಿಕೊಪ್ಪ ಕೇಕು.

ಮೂರು ಹುಟ್ಟುಹಬ್ಬ, ಒಂದು ನಾಮಕರಣ, ಒಂದು ನಿಶ್ಚಿತಾರ್ಥದ ನಂತರ
ಆ ಪೆಟ್ಟಿಗೆಯನ್ನೂ ಬಿಚ್ಚಿಸಿದೆ.

ಆಮೇಲೆ ನಡೆದದ್ದನ್ನು ಬಿದ್ದಪ್ಪನಿಗೆ ಹೇಳಿಲ್ಲ.
ಕಾರು ಎಷ್ಟು ನೆಟ್ಟಗೆ ಹೋಯಿತೆಂದರೆ
ಬೋಯಿಕೇರಿಯಲ್ಲಿ ಮುಳ್ಳು ಅರವತ್ತು ದಾಟಿದ್ದು ನನಗೇ ತಿಳಿಯಲಿಲ್ಲ.
ಕೇಕಿಗೆ ತಿಳಿಯಿತು.
ಅದೇ ತಿರುವು, ಅದೇ ಬಲಗಡೆ,
ಮತ್ತೆ ಬೆಣ್ಣೆಚಾಕು.

ಈಗ ಮೂವತ್ತೈದು.
ಹಿಂದಿನಿಂದ ಬಸ್ಸಿನವನ ಹಾರ್ನು, ಅವನಿಗೂ ಹೊತ್ತಾಗಿದೆ.
ಹೋಗಲಿ ಅಂತ ಬದಿಗೆ ಸರಿಯುತ್ತೇನೆ.
ಎಡಗಡೆಯ ಚಕ್ರ ಮಣ್ಣಿಗಿಳಿದು
ಮತ್ತೆ ಡಾಂಬರಿಗೆ ಹತ್ತಿ,
ಒಂದೇ ಸಲ ತೂಗಿ,
ಸುಮ್ಮನಾಗುತ್ತದೆ.